ಬರದ ಮಣ್ಣಿನ ಮೇಲೆ ಹೊಗೆಬಂಡಿ: ಮೇಲುಕೋಟೆಯ ದಾರಿಯಲ್ಲೊಂದು ಚಿಂತನೆ

ಯಾತ್ರೆ ಎಂದೊಡನೆ ನಮ್ಮ ಮನಸ್ಸು ಕ್ಷೇತ್ರದ ಕಡೆಗೆ ಓಡುತ್ತದೆ. ಅಲ್ಲಿಯ ಗುಡಿ, ಗದ್ದುಗೆ, ಕಲ್ಯಾಣಿ, ಪ್ರಸಾದ ಇವೇ ನಮಗೆ ಮುಖ್ಯವಾಗುತ್ತವೆ. ಆದರೆ ಕ್ಷೇತ್ರಕ್ಕೆ ಒಂದು ಚರಿತ್ರೆ ಇರುವಂತೆಯೇ ಅಲ್ಲಿಗೆ ಕರೆದೊಯ್ಯುವ ದಾರಿಗೂ ಒಂದು ಚರಿತ್ರೆಯುಂಟು. ಗುಡಿಯನ್ನು ಕಟ್ಟಿಸಿದವರ ಹೆಸರನ್ನು ಶಾಸನಗಳು ಹೇಳುತ್ತವೆ. ದಾರಿಗೆ ಮಣ್ಣು ಹೊತ್ತವರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ. ಕಳೆದ ಮಾಘ ಮಾಸದಲ್ಲಿ ಮೇಲುಕೋಟೆಗೆ ಹೋಗಿಬಂದಾಗ ಈ ಮಾತು ನನ್ನನ್ನು ಬಿಡದೆ ಕಾಡಿತು. ಅದನ್ನೇ ವಾಚಕರ ಮುಂದೆ ನಿವೇದಿಸಿಕೊಳ್ಳುವುದು ಈ ಲೇಖನದ ಉದ್ದೇಶ.

ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಕೆಲವು ತಾಳೆಗರಿಗಳನ್ನು ನೋಡಬೇಕಾದ ಪ್ರಸಂಗ ಒದಗಿತ್ತು. ಮೈಸೂರಿನಿಂದ ನೇರವಾಗಿ ಬಸ್ಸಿನಲ್ಲಿಯೇ ಹೋಗಬಹುದಾಗಿತ್ತು. ಆದರೂ ಪಾಂಡವಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬೆಟ್ಟದ ಬಸ್ಸು ಹಿಡಿಯುವುದೆಂದು ನಿಶ್ಚಯಿಸಿದೆ. ಬಾಲ್ಯದಲ್ಲಿ ಮಠದ ಹಿರಿಯರೊಡನೆ ಇದೇ ಹಾದಿಯಲ್ಲಿ ಕಲ್ಲಿದ್ದಲಿನ ಹೊಗೆಬಂಡಿಯಲ್ಲಿ ಪ್ರಯಾಣ ಮಾಡಿದ್ದೆ. ಕಿಟಕಿಯಲ್ಲಿ ತಲೆಯಿಟ್ಟು ಕಣ್ಣಿಗೆ ಕಿಡಿ ಬೀಳಿಸಿಕೊಂಡು ಬೈಸಿಕೊಂಡದ್ದು ಇನ್ನೂ ನೆನಪಿದೆ. ಆಗ ಇಲ್ಲಿದ್ದದ್ದು ಒಂದು ಮೀಟರ್ ಅಗಲದ ಸಣ್ಣ ಕಂಬಿ. 1990ರ ದಶಕದಲ್ಲಿ ಅದು ದೊಡ್ಡ ಕಂಬಿಯಾಯಿತು. ಈಗ ಜೋಡಿ ಹಳಿಗಳ ಮೇಲೆ ವಿದ್ಯುತ್ತಿನ ಬಂಡಿಗಳು ಸದ್ದಿಲ್ಲದೆ ಓಡುತ್ತವೆ. ಆದರೆ ದಾರಿ ಬಹುಮಟ್ಟಿಗೆ ಅದೇ ಹಳೆಯ ದಾರಿ.

ಪಟ್ಟಣದ ಕೋಟೆಯೊಳಗೆ

ಮೈಸೂರು ಬಿಟ್ಟ ಬಂಡಿಯು ಕಾವೇರಿಯ ದಕ್ಷಿಣದ ಕವಲನ್ನು ದಾಟಿ ಶ್ರೀರಂಗಪಟ್ಟಣದ ದ್ವೀಪವನ್ನು ಪ್ರವೇಶಿಸುತ್ತದೆ. ಒಂದು ಕಾಲಕ್ಕೆ ಶತ್ರುಸೈನ್ಯಗಳಿಗೆ ದುರ್ಗಮವಾಗಿದ್ದ ಕೋಟೆಯ ಗೋಡೆಯನ್ನು ಸೀಳಿಕೊಂಡು ಹಳಿಗಳು ಒಳಹೊಕ್ಕಿವೆ. ರಂಗನಾಥನ ಗೋಪುರಕ್ಕೆ ಅನತಿದೂರದಲ್ಲಿಯೇ ನಿಲ್ದಾಣವಿದೆ. 1799ರಲ್ಲಿ ಬಿದ್ದ ಕೋಟೆಯೊಳಗೆ ಎಂಬತ್ತು ವರ್ಷಗಳ ತರುವಾಯ ರೈಲು ಬಂದಿತು.

ನಿಲ್ದಾಣದ ಹತ್ತಿರ ಟಿಪ್ಪೂ ಸುಲ್ತಾನರ ಕಾಲದ ಮದ್ದಿನ ಮನೆಯೊಂದುಂಟು. ಇಟ್ಟಿಗೆ ಗಾರೆಗಳ ಕಟ್ಟಡ. ಎರಡನೆಯ ಹಳಿಗೆ ಅದು ಅಡ್ಡವಾಯಿತೆಂದು 2017ರಲ್ಲಿ ಇಡೀ ಕಟ್ಟಡವನ್ನೇ ತಳದಿಂದ ಬಿಡಿಸಿ, ಎತ್ತಿ, ಸುಮಾರು 130 ಮೀಟರುಗಳಷ್ಟು ದೂರ ಸರಿಸಿ ನಿಲ್ಲಿಸಿದರು. ಎರಡು ಶತಮಾನ ದಾಟಿದ ಗೋಡೆಯನ್ನು ಕೆಡಹದೆ ಒಯ್ದ ಆ ಕೌಶಲವೂ ಚರಿತ್ರೆಯ ವಿಷಯದಲ್ಲಿ ತೋರಿದ ಆ ಗೌರವವೂ ಮೆಚ್ಚತಕ್ಕವುಗಳೇ. ಆದರೆ ಅದನ್ನು ನೋಡುತ್ತಿದ್ದಾಗ ಬೇರೊಂದು ವಿಚಾರ ನನ್ನ ಮನಸ್ಸಿಗೆ ಬಂದಿತು. ಹಳಿಗಾಗಿ ಮದ್ದಿನ ಮನೆಯನ್ನು ಇಷ್ಟು ಜೋಪಾನವಾಗಿ ಸರಿಸಿದೆವು. ಮೊದಲ ಹಳಿಯನ್ನು ಹಾಕಲು ನೆಲವನ್ನು ಎತ್ತರಿಸಿದ ಜನರನ್ನು ನೆನೆಯುವ ಒಂದು ಕಲ್ಲನ್ನಾದರೂ ಈ ಪ್ರಯಾಣದಲ್ಲಿ ನಾನು ಕಾಣಲಿಲ್ಲ.

ಆ ಜನರು ಯಾರು? ಅವರ ಕಥೆಯನ್ನರಿಯಲು ನಾವು ಧಾತು ಸಂವತ್ಸರಕ್ಕೆ ಹೋಗಬೇಕು.

ಧಾತು ಈಶ್ವರದ ಬರ

1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಹಾಗೆಯೇ ಆಯಿತು. ಧಾತು ಮತ್ತು ಈಶ್ವರ ಎಂಬ ಎರಡು ಸಂವತ್ಸರಗಳನ್ನು ವ್ಯಾಪಿಸಿದ ಆ ಬರವನ್ನು ನಮ್ಮ ಹಿರಿಯರು ‘ಧಾತು ಈಶ್ವರದ ಬರ’ ಎಂದೇ ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಆಗಿತ್ತು. 1881ರ ಗಣತಿಯಲ್ಲಿ ಅದು 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆಯು ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಗ್ಗಿತು. ಸರಾಸರಿಯಲ್ಲಿ ಆರು ಜನರಲ್ಲಿ ಒಬ್ಬರು ಇಲ್ಲವಾದರು. ಮನೆಯಲ್ಲಿ ಆರು ತಟ್ಟೆಗಳಿದ್ದರೆ ಒಂದು ತಟ್ಟೆ ಬರಿದಾಯಿತೆಂದು ಭಾವಿಸಿಕೊಂಡರೆ ಈ ಅಂಕಿಯ ಅರ್ಥ ನಮಗಾದೀತು.

ಧಾನ್ಯವೇ ಇರಲಿಲ್ಲವೆ? ಇದ್ದಿತು. 1864ರಲ್ಲಿಯೇ ಮದ್ರಾಸಿನ ಕಡೆಯ ರೈಲು ಜೋಲಾರಪೇಟೆಯ ಮೂಲಕ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದಿತ್ತು. ಬರಗಾಲದಲ್ಲಿ ಆ ಹಳಿಯ ಮೇಲೆ ಧಾನ್ಯದ ಮೂಟೆಗಳು ಬೆಂಗಳೂರಿಗೆ ಬಂದವು. ಆದರೆ ಬೆಂಗಳೂರಿನಿಂದ ಮುಂದೆ ಸಾಗಿಸುವುದು ಹೇಗೆ? ಚನ್ನಪಟ್ಟಣ, ಮದ್ದೂರು, ಮಂಡ್ಯ, ನಾಗಮಂಗಲದ ಹಳ್ಳಿಗಳಿಗೆ ಇದ್ದದ್ದು ಎತ್ತಿನ ಗಾಡಿಯೊಂದೇ. ಮೇವು ನೀರು ಇಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಹೀಗೆ ಒಂದು ಕಡೆ ಮೂಟೆ, ಇನ್ನೊಂದು ಕಡೆ ಹಸಿವು, ನಡುವೆ ದಾರಿಯಿಲ್ಲ. ಇದರ ಜೊತೆಗೆ ಬೆಲೆಯೂ ಏರಿದ್ದುದರಿಂದ ಧಾನ್ಯ ಬಂದಲ್ಲಿಯೂ ಕೊಳ್ಳಲು ಬಡವನ ಕೈಯಲ್ಲಿ ಕಾಸಿರಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಕಂಬಿ ಹಾಕಬೇಕೆಂಬ ಆಲೋಚನೆಗೆ ಬಲ ಬಂದದ್ದು ಈ ಸನ್ನಿವೇಶದಲ್ಲಿ. ದಾರಿಯೂ ಆದೀತು, ಹಸಿದವರಿಗೆ ಕೂಲಿಯೂ ದೊರೆತೀತು ಎಂಬುದು ಅಂದಿನ ಸರ್ಕಾರದ ಲೆಕ್ಕ. 1877ರಲ್ಲಿ ಕ್ಷಾಮ ಪರಿಹಾರದ ಕಾಮಗಾರಿಯಾಗಿ ಮಣ್ಣಿನ ಕೆಲಸ ಆರಂಭವಾಯಿತು.

ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಮೊದಮೊದಲು ಊರೂರುಗಳಲ್ಲಿ ಗಂಜಿಕೇಂದ್ರಗಳಿದ್ದವು. 1877ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿಟನ್ ಸಂಸ್ಥಾನಕ್ಕೆ ಬಂದು ಹೋದರು. ಚಾರ್ಲ್ಸ್ ಎಲಿಯಟ್ ಎಂಬವರು ಮೈಸೂರಿನ ಕ್ಷಾಮ ಕಮಿಷನರರಾದರು. ಶಕ್ತಿಯಿದ್ದವರನ್ನು ಗಂಜಿಕೇಂದ್ರದಿಂದ ಬಿಡಿಸಿ ದೊಡ್ಡ ಕಾಮಗಾರಿಗಳಿಗೆ ಕಳುಹಿಸಬೇಕೆಂಬ ನೀತಿ ಬಿಗಿಯಾಯಿತು.

ರೈಲುದಾರಿಯ ಮಣ್ಣಿನ ಕೆಲಸವೆಂದರೆ ಏನೆಂಬುದನ್ನು ಈಗಿನ ಮಕ್ಕಳಿಗೆ ಸ್ವಲ್ಪ ವಿವರಿಸಬೇಕಾದೀತು. ಹಳಿಯು ಏರು ತಗ್ಗುಗಳನ್ನು ಸಹಿಸದು. ತಗ್ಗು ಬಂದಲ್ಲಿ ದಿಬ್ಬ ಹಾಕಬೇಕು. ಏರು ಬಂದಲ್ಲಿ ಕೊರೆಯಬೇಕು. ದಿಬ್ಬಕ್ಕೆ ಬೇಕಾದ ಮಣ್ಣನ್ನು ಪಕ್ಕದ ನೆಲದಲ್ಲಿಯೇ ಗುಂಡಿ ತೋಡಿ ತೆಗೆಯುತ್ತಾರೆ. ಗಂಡಸರು ಗುದ್ದಲಿ ಹಾರೆಗಳಿಂದ ಅಗೆದರೆ ಹೆಂಗಸರೂ ಮಕ್ಕಳೂ ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಮೇಲೇರಿ ಸುರಿಯುತ್ತಾರೆ. ಅಗೆದ ಗುಂಡಿಯ ನಡುವೆ ಒಂದು ಸಣ್ಣ ಮಣ್ಣಿನ ಗುಡ್ಡೆಯನ್ನು ಮುಟ್ಟದೆ ಉಳಿಸುವುದುಂಟು. ಅದರ ಎತ್ತರವನ್ನು ನೋಡಿ ಎಷ್ಟು ಆಳ ಅಗೆದಿದ್ದಾರೆಂದು ಅಳೆಯುತ್ತಾರೆ. ದಿಬ್ಬ ಗಟ್ಟಿಯಾದ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಅಡ್ಡದಿಮ್ಮಿ, ಅದರ ಮೇಲೆ ಕಂಬಿ. ಯಂತ್ರಗಳಿಲ್ಲದ ಆ ಕಾಲದಲ್ಲಿ ದಿಬ್ಬದ ಒಂದೊಂದು ಬುಟ್ಟಿ ಮಣ್ಣೂ ಯಾರೋ ಒಬ್ಬರ ನೆತ್ತಿಯ ಮೇಲೆ ಬಂದುದೇ ಆಗಿದೆ.

ಒಂದು ಪೌಂಡಿನ ಅಳತೆ

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ ಮಂಡ್ಯದ ಸೀಮೆಯ ಹಳ್ಳಿಯೊಂದರಲ್ಲಿ ಶ್ರಾವಣ ಮಾಸದ ಪ್ರವಚನಕ್ಕೆ ಹೋಗಿದ್ದೆ. ಕಾಯಕದ ಮಹಿಮೆಯನ್ನು ವರ್ಣಿಸುತ್ತ, ಬರಗಾಲದಲ್ಲಿ ಮಣ್ಣು ಹೊತ್ತು ರೈಲುದಾರಿ ಕಟ್ಟಿದ ಜನರನ್ನು ಕಾಯಕಜೀವಿಗಳ ನಿದರ್ಶನವಾಗಿ ಹೇಳಿದೆ. ಸಭೆ ತಲೆದೂಗಿತು. ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದಾಗ ಎಂಬತ್ತು ದಾಟಿದ ರೈತರೊಬ್ಬರು ಹತ್ತಿರ ಬಂದು ಕುಳಿತರು.

“ಬುದ್ಧಿ, ಒಂದು ಮಾತು. ಕಂಬಿ ದಿಬ್ಬಕ್ಕೆ ಮಣ್ಣು ಹೊತ್ತವರಲ್ಲಿ ನಮ್ಮ ತಾತನೂ ಒಬ್ಬ. ಆಗ ಇನ್ನೂ ಹುಡುಗ. ಅವನೇ ಹೇಳ್ತಿದ್ದ, ಸಂಜೆ ಕೊಟ್ಟ ಕಾಳು ಬೇಯಿಸಿ ತಿಂದು ಮಲಗಿದೋರು ಬೆಳಗ್ಗೆ ಏಳ್ತಾನೇ ಇರ್ಲಿಲ್ಲ ಅಂತ. ಹೊಟ್ಟೆಗಿಲ್ದೆ ಹೊತ್ತದ್ದನ್ನ ಕಾಯಕ ಅಂತೀರಲ್ಲ ಬುದ್ಧಿ, ಅದು ಕಾಯಕವಾ?”

ನಾನು ಏನೋ ಸಮಾಧಾನದ ಮಾತು ಹೇಳಿದೆ. ಅವರು ಕೈಮುಗಿದು ಎದ್ದುಹೋದರು. ಅವರಿಗೆ ಉತ್ತರ ದೊರೆಯಲಿಲ್ಲವೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಮೇಲೆ ಆ ಕಾಲದ ಚರಿತ್ರೆಯನ್ನು ಓದತೊಡಗಿದೆ. 1877ರ ಜನವರಿಯಲ್ಲಿ ದಕ್ಷಿಣದ ಬರವನ್ನು ಪರಿಶೀಲಿಸಲು ವೈಸರಾಯರು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳುಹಿಸಿದ್ದರು. ಇವರೇ 1874ರ ಬಿಹಾರದ ಬರದಲ್ಲಿ ಬರ್ಮಾದಿಂದ ಯಥೇಚ್ಛ ಅಕ್ಕಿ ತರಿಸಿ ಸಾವನ್ನು ತಡೆದಿದ್ದರು. ಅದಕ್ಕಾಗಿ ದುಂದುಗಾರರೆಂಬ ನಿಂದೆಯನ್ನೂ ಹೊತ್ತಿದ್ದರು. ಆ ನಿಂದೆಯನ್ನು ತೊಳೆದುಕೊಳ್ಳಲೋ ಎಂಬಂತೆ ಈ ಸಾರಿ ಅವರ ಕೈ ಬಿಗಿಯಾಯಿತು. ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ, ಮತ್ತು ಒಂದಾಣೆಯ ಆಸುಪಾಸಿನ ಕೂಲಿ. ಹೆಂಗಸರಿಗೆ, ಮಕ್ಕಳಿಗೆ ಅದಕ್ಕೂ ಕಡಿಮೆ. ಇದು ಅವರು ಗೊತ್ತುಮಾಡಿದ ಅಳತೆ. ಮದ್ರಾಸಿನ ಆರೋಗ್ಯ ಕಮಿಷನರರಾಗಿದ್ದ ವೈದ್ಯ ಕಾರ್ನಿಷ್ ಎಂಬವರು ಇದನ್ನು ಬಲವಾಗಿ ಪ್ರತಿಭಟಿಸಿದರು. ದುಡಿಯುವ ದೇಹಕ್ಕೆ ಒಂದೂವರೆ ಪೌಂಡಾದರೂ ಧಾನ್ಯ ಬೇಕು, ಜೊತೆಗೆ ಬೇಳೆ ತರಕಾರಿಗಳೂ ಬೇಕೆಂದು ವಾದಿಸಿದರು. ಕೆಲವು ತಿಂಗಳುಗಳ ಮೇಲೆ ಮದ್ರಾಸಿನಲ್ಲಿ ಆ ಅಳತೆಯನ್ನು ಸ್ವಲ್ಪ ಏರಿಸಬೇಕಾಯಿತು. ಅಷ್ಟರಲ್ಲಿ ಅನೇಕರ ಪಾಲಿಗೆ ಕಾಲ ಮಿಂಚಿತ್ತು.

ಈ ಅಳತೆಯ ವಿಷಯವನ್ನು ಓದಿದಾಗ ನನಗೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ನೆನಪಾಯಿತು. ಕಲ್ಯಾಣದಲ್ಲಿ ಶರಣರ ಮನೆಯಂಗಳಗಳಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹ ನಡೆಸಿದವರು ಅವರು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಮಿಕ್ಕದ್ದನ್ನು ತೆಗೆದುಕೊಂಡ ಜಾಗಕ್ಕೇ ಹಿಂದಿರುಗಿಸಿ ಬರಲು ಹೇಳಿದ ಕಥೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಅಲ್ಲಿಯೂ ಅಳತೆಯುಂಟು, ಇಲ್ಲಿಯೂ ಅಳತೆಯುಂಟು. ಆದರೆ ಲಕ್ಕಮ್ಮ ತನ್ನ ಬುಟ್ಟಿಗೆ ತಾನೇ ಮಿತಿ ಹಾಕಿಕೊಂಡಳು. ಟೆಂಪಲ್ ಸಾಹೇಬರು ಹಸಿದವನ ಹೊಟ್ಟೆಗೆ ಮಿತಿ ಹಾಕಿದರು. ತಾನಾಗಿ ಕೈಕೊಂಡ ಮಿತಿ ವ್ರತವಾಗುತ್ತದೆ; ಬಲವಂತನು ಬಲಹೀನನ ಮೇಲೆ ಹೇರಿದ ಮಿತಿ ಹಿಂಸೆಯಾಗುತ್ತದೆ.

ಆದುದರಿಂದ ಆ ಹಿರಿಯರಿಗೆ ಅಂದು ಹೇಳಬೇಕಾಗಿದ್ದ ಉತ್ತರವನ್ನು ಈಗ ಹೇಳುತ್ತೇನೆ. ಅದು ಕಾಯಕವಲ್ಲ. ಮನಸ್ಸೊಪ್ಪಿ ಕೈಕೊಂಡದ್ದು, ಹೊಟ್ಟೆ ತುಂಬಿಸುವಂಥದ್ದು, ತಾನುಂಡು ಮಿಕ್ಕದ್ದನ್ನು ಇನ್ನೊಬ್ಬರಿಗೆ ನೀಡಲು ಬರುವಂಥದ್ದು ಕಾಯಕ. ಬೇರೆ ದಾರಿಯಿಲ್ಲದವನ ತಲೆಯ ಮೇಲೆ ಹೊರಿಸಿದ ಬುಟ್ಟಿಗೆ ಆ ದೊಡ್ಡ ಹೆಸರನ್ನು ಕೊಟ್ಟರೆ ಹೊರಿಸಿದವರ ತಪ್ಪನ್ನು ನಾವು ಮುಚ್ಚಿದಂತಾಗುತ್ತದೆ. ಹೊತ್ತವರ ಬೆವರು ಪವಿತ್ರವೇ ಸರಿ. ಹೊರಿಸಿದವರ ಅಳತೆ ಪವಿತ್ರವಲ್ಲ. ದಾಸೋಹದ ಪಂಕ್ತಿಯಲ್ಲಿ ಉಂಡು ಬೆಳೆದವನು ನಾನು. ಅಲ್ಲಿ ಎಲೆಯ ಮುಂದೆ ಕುಳಿತವನನ್ನು ‘ಎಷ್ಟು ಮಣ್ಣು ಹೊತ್ತೆ’ ಎಂದು ಯಾರೂ ಕೇಳುವುದಿಲ್ಲ. ಮೊದಲು ಅನ್ನ, ಆಮೇಲೆ ಮಾತು. ಇಷ್ಟು ತಿಳಿದವನೂ ಆ ದಿನ ತಪ್ಪಿ ನುಡಿದೆನಲ್ಲ ಎಂಬ ವ್ಯಥೆ ನನಗಿದೆ.

ಕಂಬಿ ತಂದ ಬದಲಾವಣೆ

ಬಂಡಿಯು ಕಾವೇರಿಯ ಉತ್ತರದ ಕವಲನ್ನು ದಾಟಿ ಪಾಂಡವಪುರದ ನಿಲ್ದಾಣದಲ್ಲಿ ನಿಂತಿತು. ಹೈದರ್ ಮತ್ತು ಟಿಪ್ಪೂ ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಈ ಊರಿಗೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ನಮ್ಮ ಜನರು ಹಿರೋಡೆ ಎನ್ನುತ್ತಿದ್ದರು. ನಿಲ್ದಾಣದಿಂದ ಪೇಟೆ ಕೆಲವು ಮೈಲಿ ದೂರ. ಆಟೋ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿ ಮೇಲುಕೋಟೆಯ ಬಸ್ಸು ಹತ್ತಿದೆ. ಕಬ್ಬು ಬತ್ತದ ಬಯಲು ಹಿಂದುಳಿದು, ರಾಗಿಯ ಹೊಲಗಳೂ ಬಂಡೆಗಳೂ ಬರುವವರೆಗೆ ಉಳಿದ ಚರಿತ್ರೆಯನ್ನು ಮನಸ್ಸಿನಲ್ಲಿ ಮೆಲುಕು ಹಾಕಿದೆ.

ಬರ ಕಳೆದರೂ ಕೆಲಸ ನಿಲ್ಲಲಿಲ್ಲ. 1881ರ ಮಾರ್ಚ್ 25ರಂದು ಸಂಸ್ಥಾನವು ಮರಳಿ ಒಡೆಯರ ಕೈಸೇರಿತು. ಹತ್ತನೆಯ ಚಾಮರಾಜೇಂದ್ರ ಒಡೆಯರು ಅಧಿಕಾರ ವಹಿಸಿಕೊಂಡಾಗ ಬರದ ನಿಮಿತ್ತ ಬ್ರಿಟಿಷ್ ಸರ್ಕಾರಕ್ಕೆ ತೀರಿಸಬೇಕಾದ ಸಾಲವೇ 80 ಲಕ್ಷ ರೂಪಾಯಿಗಳಿತ್ತು. ಅಂಥ ಕಷ್ಟದಲ್ಲಿಯೂ ದಿವಾನ್ ರಂಗಾಚಾರ್ಲು ಅವರು ರೈಲಿನ ಕೆಲಸವನ್ನು ಕೈಬಿಡಲಿಲ್ಲ. 1881ರಲ್ಲಿ ಬೆಂಗಳೂರಿನ ಕಡೆಯಿಂದ ದಾರಿ ಭಾಗಭಾಗವಾಗಿ ತೆರೆಯುತ್ತ ಬಂದು, 1882ರಲ್ಲಿ ಹೊಗೆಬಂಡಿ ಮೈಸೂರನ್ನು ಮುಟ್ಟಿತು. ಒಟ್ಟು ಸುಮಾರು 86 ಮೈಲಿ. ಖರ್ಚು ಕಡಿಮೆಯಾಗಲೆಂದು ಒಂದು ಮೀಟರ್ ಅಗಲದ ಕಂಬಿಯನ್ನು ಆರಿಸಿದ್ದರು. ಮದ್ರಾಸಿನ ಹಳಿ ಐದೂವರೆ ಅಡಿ ಅಗಲದ್ದು. ಹೀಗಾಗಿ ಬೆಂಗಳೂರಿನಲ್ಲಿ ಸರಕನ್ನು ಒಂದು ಬಂಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾದ ತೊಂದರೆ ಬಹುಕಾಲ ಉಳಿಯಿತು.

ಇದೇ ಕಂಬಿ ನಮ್ಮ ಸಮಾಜದ ಬಾಳಿನೊಳಕ್ಕೂ ಹರಿದು ಬಂದಿತು. 1884ರಲ್ಲಿ ಅದು ತುಮಕೂರು ಗುಬ್ಬಿಗಳಿಗೆ ಹೋಯಿತು. ಮುಂದಿನ ದಾರಿಯನ್ನು ಕಟ್ಟುವ ಹೊಣೆ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಸೇರಿ, 1889ರಲ್ಲಿ ಹಳಿ ಹರಿಹರವನ್ನು ಮುಟ್ಟಿತು. 1891ರಲ್ಲಿ ನಂಜನಗೂಡಿಗೆ ರೈಲು ಬಂದಾಗ ಕಪಿಲೆಯ ಮೇಲೆ ದಳವಾಯಿಗಳು 1735ರಲ್ಲಿ ಕಟ್ಟಿಸಿದ್ದ ಕಲ್ಲಿನ ಸೇತುವೆಯೇ ಅದಕ್ಕೂ ಆಧಾರವಾಯಿತು. ದಾವಣಗೆರೆಯ ವರ್ತಕರ ಸರಕು ಮೈಸೂರಿಗೆ ಬರಲು, ದೂರದೂರುಗಳ ಮಕ್ಕಳು ಮಠಗಳ ಪ್ರಸಾದ ನಿಲಯಗಳಿಗೆ ಓದಲು ಬರಲು, ಜಾತ್ರೆಗಳಿಗೆ ಭಕ್ತರು ನೆರೆಯಲು ಇದೇ ಹಾದಿಯಾಯಿತು. ಒಂದೇ ಹಲಗೆಯ ಮೇಲೆ ಎಲ್ಲ ಜಾತಿಯವರೂ ಒತ್ತಿ ಕುಳಿತು ಪ್ರಯಾಣ ಮಾಡುವುದನ್ನು ಕಲಿಸಿದ್ದೂ ರೈಲೇ. ಧಾತು ಈಶ್ವರದಂಥ ಮಹಾಕ್ಷಾಮ ಈ ಸೀಮೆಗೆ ಮತ್ತೆ ಬರಲಿಲ್ಲ. ಅದಕ್ಕೆ ಕೆರೆ ನಾಲೆಗಳೂ ಕಾರಣ, ಧಾನ್ಯ ಸಾಗಿಸುವ ಕಂಬಿಯೂ ಒಂದು ಕಾರಣ. ಆ ಉಪಕಾರವನ್ನು ಮರೆತರೆ ಅದೂ ಅನ್ಯಾಯವೇ.

ಬೆಟ್ಟದ ಮೇಲೆ

ಮೇಲುಕೋಟೆಗೆ ರೈಲು ಬರಲಿಲ್ಲ. ಕಂಬಿಯು ಬಯಲನ್ನು ಅರಸುತ್ತದೆ, ಬೆಟ್ಟವನ್ನು ಬಳಸುತ್ತದೆ. ಆದರೂ ಈ ಬೆಟ್ಟದ ಸುತ್ತಣ ತಾಲ್ಲೂಕುಗಳಿಗೆ ಮೂರು ಶತಮಾನಗಳಲ್ಲಿ ಮೂರು ದಾರಿಗಳು ಬಂದವು. ಶ್ರೀರಂಗಪಟ್ಟಣ, ಪಾಂಡವಪುರಗಳಿಗೆ 1882ರದು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳಿಗೆ 1918ರ ಮೈಸೂರು–ಅರಸೀಕೆರೆ ದಾರಿ. ನಾಗಮಂಗಲ ತಾಲ್ಲೂಕಿಗೆ 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಶ್ರವಣಬೆಳಗೊಳ–ಹಾಸನ ದಾರಿ. ಈ ಕೊನೆಯ ದಾರಿಯಲ್ಲಿಯೇ ಯಡಿಯೂರಿನ ನಿಲ್ದಾಣವೂ ಇರುವುದರಿಂದ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯ ದರ್ಶನಕ್ಕೆ ಹೋಗುವ ನಮ್ಮ ಭಕ್ತರಿಗೆ ಅನುಕೂಲವಾಗಿದೆ.

ಸಂಸತ್ತಿನ ಕೆಲಸ ಮುಗಿಸಿ, ಸಂಜೆ ಕಲ್ಯಾಣಿಯ ದಡದಿಂದ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲುಗಳನ್ನು ನಿಧಾನವಾಗಿ ಏರಿದೆ. ಇದು ಶ್ರೀವೈಷ್ಣವರ ಕ್ಷೇತ್ರ. ಆದರೆ ರಾಮಾನುಜಾಚಾರ್ಯರು ತಿರುಕುಲದವರಿಗೆ ಗುಡಿಯ ಬಾಗಿಲು ತೆರೆದರೆಂಬ ಪರಂಪರೆಯ ಮಾತನ್ನು ಕೇಳಿದಾಗ, ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಎಲ್ಲರನ್ನೂ ಅಪ್ಪಿಕೊಂಡದ್ದು ನಮಗೆ ನೆನಪಾಗದೆ ಇರದು. ದಾರಿಗಳು ಬೇರೆಯಾದರೂ ಕಡೆಗಣಿಸಲ್ಪಟ್ಟವರ ಕಡೆಗೆ ತಿರುಗಿದ ಕಣ್ಣು ಒಂದೇ.

ಮೇಲೆ ನಿಂತು ದಕ್ಷಿಣದ ಕಡೆ ನೋಡಿದೆ. ಕಂಬಿ ಅಲ್ಲಿಂದ ಕಾಣುವುದಿಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ಬಯಲು ಹರಡಿಕೊಂಡಿತ್ತು. ಆ ಬಯಲಿನಲ್ಲೆಲ್ಲೋ ನನ್ನನ್ನು ತಂದ ದಿಬ್ಬವಿದೆ. ಅದರ ಮಣ್ಣಿನಲ್ಲಿ ಆ ಹಿರಿಯ ರೈತರ ತಾತನ ಬುಟ್ಟಿಯ ಮಣ್ಣೂ ಇದೆ. ಆ ಬರದ ಅನುಭವದಿಂದಲೇ 1880ರಲ್ಲಿ ಕ್ಷಾಮ ಆಯೋಗವು ವರದಿ ನೀಡಿ, ಮುಂದೆ ಕ್ಷಾಮ ನಿಯಮಾವಳಿಗಳು ರೂಪುಗೊಂಡವು. ಹಳ್ಳಿಯ ಬಡವನಿಗೆ ಕೂಲಿಕೆಲಸವು ಭಿಕ್ಷೆಯಲ್ಲ, ಹಕ್ಕು ಎಂದು ನಮ್ಮದೇ ಸಂಸತ್ತು ಕಾನೂನು ಮಾಡಿದ್ದು 2005ರಲ್ಲಿ. ನಡುವೆ ನೂರಿಪ್ಪತ್ತೈದು ವರ್ಷಗಳು ಸಂದವು.

ವಾಚಕರಲ್ಲಿ ಒಂದು ಬಿನ್ನಹ. ಧಾತು ಈಶ್ವರದ ಬರದ ಮಾತುಗಳನ್ನು ಅಜ್ಜ ಅಜ್ಜಿಯರಿಂದ ಕೇಳಿದವರು ನಮ್ಮ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಯಾರು ಊರು ಬಿಟ್ಟರು, ಯಾವ ಮನೆ ದೀಪವಾರಿತು, ಯಾರು ಯಾರಿಗೆ ಅನ್ನವಿಟ್ಟರು, ಯಾರು ಕಂಬಿ ದಿಬ್ಬಕ್ಕೆ ಹೋದರು, ಇದನ್ನು ಅವರ ಬಾಯಿಂದ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮಕ್ಕಳೊಡನೆ ಬೆಂಗಳೂರಿನಿಂದ ಮೈಸೂರಿಗೆ ಪ್ರಯಾಣ ಮಾಡುವಾಗ ಮಂಡ್ಯದ ಬಯಲಿನಲ್ಲಿ ಕಿಟಕಿಯಾಚೆ ತೋರಿಸಿ ಹೇಳಿ. ಕಲ್ಲಿನ ಶಾಸನವಿಲ್ಲದವರಿಗೆ ನೆನೆಯುವವರ ನಾಲಗೆಯೇ ಶಾಸನ.

ಮರುದಿನ ಅದೇ ಪಾಂಡವಪುರದ ನಿಲ್ದಾಣಕ್ಕೆ ಮರಳಿದೆ. ಬಂಡಿ ಬರುವುದಕ್ಕೆ ಸ್ವಲ್ಪ ಹೊತ್ತಿತ್ತು. ಕಟ್ಟೆಯ ಅಂಚಿನಿಂದ ಹಳಿಯ ಪಕ್ಕದ ಮಣ್ಣನ್ನು ನೋಡುತ್ತ ನಿಂತು, ಯಾರಿಗೂ ಕಾಣದಂತೆ ಕೈಮುಗಿದೆ. ಬಂಡಿ ಬಂದಿತು, ಹತ್ತಿ ಕುಳಿತೆ.